ಡ್ರಾ ಆದ ಆಟದಲ್ಲಿ ಅರ್ಧ ಪಾಯಿಂಟ್ ಎಲ್ಲಿ ಸೋರಿತು? ಒಂದು ಸ್ಲಾವ್ ಎಕ್ಸ್‌ಚೇಂಜ್ ಆಟದ ದೋಷ ನಿವಾರಣೆ

"ಸರ್, ಈ ಓಪನಿಂಗೇ ಬ್ಯಾಡ್ರಿ. ಬ್ಯಾರೆ ಕಲಸ್ರಿ."

ನಾಲ್ಕನೇ ರೌಂಡ್ ಮುಗಿದ ಸಂಜೆ ಹುಡುಗನ ಅಪ್ಪ ಫೋನ್ ಮಾಡಿ ಹೇಳಿದ ಮೊದಲ ಮಾತು ಇದು. ಓಪನಿಂಗ್ ಅಂದರೆ ಆಟದ ಶುರುವಿಗೆ ಕಲಿತು ಇಟ್ಟುಕೊಂಡ ನಡೆಗಳ ಸರಣಿ. ಕಲಬುರಗಿಯಲ್ಲಿ ಅವರದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಮಗ ನನ್ನ ಹತ್ತಿರ ಮೂರು ವರ್ಷದಿಂದ ಚೆಸ್ ಕಲಿಯುತ್ತಿದ್ದಾನೆ. ಅವತ್ತು ತನಗಿಂತ ರೇಟಿಂಗಿನಲ್ಲಿ 200 ಕೆಳಗಿದ್ದ ಹುಡುಗನ ಜೊತೆ, ಬಿಳಿ ಕಾಯಿ ಇಟ್ಟುಕೊಂಡು, 23ನೇ ನಡೆಗೆ ಡ್ರಾ ಮಾಡಿಕೊಂಡಿದ್ದ. ಗೆದ್ದರೆ ಒಂದು ಪಾಯಿಂಟ್, ಡ್ರಾ ಆದರೆ ಅರ್ಧ. ಅಪ್ಪನಿಗೆ ಬೇಜಾರು. ಮಗ ಊಟಕ್ಕೂ ಬಂದಿರಲಿಲ್ಲವಂತೆ.

ನಾನು ಅವರಿಗೆ ಒಂದು ಪ್ರಶ್ನೆ ಕೇಳಿದೆ. "ಅಣ್ಣಾ, ಮೋಟರ್ ನೀರು ಎತ್ತವಲ್ದು ಅಂತ ರೈತರು ತಂದರೆ ನೀವು ಮೊದಲೇ ವೈಂಡಿಂಗ್ ಬಿಚ್ಚುತ್ತೀರಾ?"

"ಇಲ್ರೀ. ಮೊದ್ಲ ಫ್ಯೂಸ್ ನೋಡಂತೀನಿ. ಆಮ್ಯಾಲ ಸ್ಟಾರ್ಟರ್, ಕೆಪಾಸಿಟರ್. ವೈಂಡಿಂಗ್ ಕಡೀಕ."

ಆಟಕ್ಕೂ ಇದೇ ಕ್ರಮ ಬೇಕು. ಓಪನಿಂಗ್ ಬದಲಿಸೋದು ಅಂದರೆ ವೈಂಡಿಂಗ್ ಬಿಚ್ಚಿದ ಹಾಗೆ. ಆರು ತಿಂಗಳ ಕೆಲಸ. ಅದಕ್ಕೆ ಕೈ ಹಾಕುವ ಮುಂಚೆ ನೋಡಬೇಕಾದ್ದು ಬಹಳ ಇದೆ. ಆ ವಾರ ನಾವು ಆ ಆಟವನ್ನು ಹೇಗೆ ತಪಾಸಣೆ ಮಾಡಿದೆವು ಅಂತ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳನ್ನು ಟೂರ್ನಮೆಂಟಿಗೆ ಕಳಿಸುವ ಅಪ್ಪ-ಅಮ್ಮಂದಿರಿಗೂ, ನನ್ನ ಹಾಗೆ ಕಲಿಸುವವರಿಗೂ ಉಪಯೋಗ ಆಗಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಹಿರಿಯರು ವಜೀರ ಅಂತಾರೆ, ಹುಡುಗರು ಕ್ವೀನ್ ಅಂತಾರೆ. ನಾನು ಮಂತ್ರಿ ಅಂತಲೇ ಬರೆಯುತ್ತೇನೆ. ಉಳಿದಂತೆ ರಾಜ, ಆನೆ, ಒಂಟೆ, ಕುದುರೆ, ಪ್ಯಾದೆ.

ಇದು ದೋಷವೇ ಹೌದಾ?

ಎಲ್ಲ ಡ್ರಾ ದೋಷ ಅಲ್ಲ. ಇಬ್ಬರೂ ಸರಿಯಾಗಿ ಆಡಿದರೆ ಆಟ ಡ್ರಾ ಆಗೋದು ಸಹಜ. 2018ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಾರ್ಲ್‌ಸನ್ ಮತ್ತು ಕರುವಾನಾ ಆಡಿದ 12 ಕ್ಲಾಸಿಕಲ್ ಆಟಗಳೂ ಡ್ರಾ ಆದವು. ಕಡೆಗೆ ರ‍್ಯಾಪಿಡ್ ಆಟಗಳಲ್ಲಿ ಕಾರ್ಲ್‌ಸನ್ 3-0 ಗೆದ್ದರು. 1984ರಲ್ಲಿ ಶುರುವಾದ ಕಾರ್ಪೊವ್-ಕ್ಯಾಸ್ಪರೊವ್ ಪಂದ್ಯದಲ್ಲಿ 48 ಆಟಗಳ ಪೈಕಿ 40 ಡ್ರಾ. ಯಾರೂ ಗೆಲ್ಲದೆ, 1985ರಲ್ಲಿ ಪಂದ್ಯವನ್ನೇ ನಿಲ್ಲಿಸಬೇಕಾಯಿತು. ಅವರಿಗೆಲ್ಲ ಆಟ ಬರುತ್ತಿರಲಿಲ್ಲ ಅಂತ ಯಾರೂ ಹೇಳಲ್ಲ.

ಹಾಗಾಗಿ ಮೊದಲ ಕೆಲಸ, ಇದು ಯಾವ ಬಗೆಯ ಡ್ರಾ ಅಂತ ಗುರುತಿಸೋದು. ಸ್ಟೇಲ್‌ಮೇಟ್, ಅಂದರೆ ಚೆಕ್ ಇಲ್ಲದೆಯೂ ಆಡಲು ಒಂದು ನಡೆಯೂ ಇಲ್ಲದ ಸ್ಥಿತಿ, ಆಯಿತಾ? ಒಂದೇ ಸ್ಥಿತಿ ಮೂರು ಸಲ ಬಂತಾ? 50 ನಡೆಗಳಲ್ಲಿ ಒಂದು ಕಾಯೂ ಹೊಡೆಯಲಿಲ್ಲ, ಒಂದು ಪ್ಯಾದೆಯೂ ಸರಿಯಲಿಲ್ಲ ಅಂತ ಆಯಿತಾ? ಮೇಟ್ ಮಾಡಲು ಕಾಯಿಗಳೇ ಉಳಿಯಲಿಲ್ಲವಾ? ಇಲ್ಲಾ, ಇಬ್ಬರೂ ಕೈ ಕುಲುಕಿ ಒಪ್ಪಿಕೊಂಡರಾ? ಒಂದೊಂದರ ದೋಷ ಒಂದೊಂದು ಕಡೆ ಇರುತ್ತದೆ. ಸ್ಟೇಲ್‌ಮೇಟ್ ಆಗಿದ್ದರೆ ಕೊನೆಯ ಎರಡು ನಡೆ ನೋಡಿದರೆ ಸಾಕು. ಒಪ್ಪಂದದ ಡ್ರಾ ಆದರೆ ಇಡೀ ಆಟ ನೋಡಬೇಕು. ಯಾಕಂದರೆ ಅಲ್ಲಿ ಆಟವನ್ನು ನಿಲ್ಲಿಸಿದ್ದು ನಿಯಮ ಅಲ್ಲ, ಮನಸ್ಸು.

ನಮ್ಮ ಹುಡುಗನದು ಒಪ್ಪಂದದ ಡ್ರಾ. ಕೇಳಿದವನೂ ಅವನೇ.

ಇನ್ನೊಂದು ಲೆಕ್ಕ ಇದೆ. ಎದುರಾಳಿಗಿಂತ ನೀವು 200 ಪಾಯಿಂಟ್ ಮೇಲಿದ್ದರೆ ರೇಟಿಂಗ್ ಪದ್ಧತಿ ನಿಮ್ಮಿಂದ ಒಂದು ಆಟಕ್ಕೆ ಸುಮಾರು 0.76 ಪಾಯಿಂಟ್ ನಿರೀಕ್ಷಿಸುತ್ತದೆ. 18ರ ಒಳಗಿನ, 2300ಕ್ಕಿಂತ ಕಡಿಮೆ ರೇಟಿಂಗ್ ಇರುವ ಮಕ್ಕಳಿಗೆ ಸಿಕ್ಕ ಪಾಯಿಂಟಿಗೂ ಈ ನಿರೀಕ್ಷೆಗೂ ಇರುವ ವ್ಯತ್ಯಾಸವನ್ನು 40ರಿಂದ ಗುಣಿಸುತ್ತಾರೆ. ಗೆದ್ದಿದ್ದರೆ ಸುಮಾರು 10 ರೇಟಿಂಗ್ ಪಾಯಿಂಟ್ ಬರುತ್ತಿತ್ತು. ಡ್ರಾ ಆಗಿದ್ದಕ್ಕೆ ಸುಮಾರು 10 ಹೋಯಿತು. ಅಪ್ಪನ ಬೇಜಾರಿಗೆ ಕಾರಣ ಇತ್ತು.

ಕಂಪ್ಯೂಟರ್ ಮುಚ್ಚಿಡಿ, ಸ್ಕೋರ್ ಶೀಟ್ ತೆಗೆಯಿರಿ

ಆಟ ಮುಗಿದ ಕೂಡಲೇ ಹುಡುಗರು ಮಾಡುವ ಕೆಲಸ ಒಂದೇ. ಮೊಬೈಲ್ ತೆಗೆದು ಸ್ಟಾಕ್‌ಫಿಶ್ ಅನ್ನೋ ಚೆಸ್ ಪ್ರೋಗ್ರಾಮಿಗೆ ಹಾಕೋದು. ಅದು ಯಾವ ನಡೆ ತಪ್ಪು ಅಂತ ಅರೆಕ್ಷಣದಲ್ಲಿ ಹೇಳುತ್ತದೆ. ಆದರೆ ಆ ನಡೆಯನ್ನು ನೀನು ಯಾಕೆ ಆಡಿದೆ ಅಂತ ಅದಕ್ಕೆ ಗೊತ್ತಿಲ್ಲ. ನನಗೆ ಬೇಕಾದ್ದು ಆ "ಯಾಕೆ". ಅದು ಹುಡುಗನ ತಲೆಯಲ್ಲಿ ಎರಡು ಮೂರು ದಿನ ಮಾತ್ರ ಹಸಿಯಾಗಿ ಇರುತ್ತದೆ. ಒಮ್ಮೆ ಕಂಪ್ಯೂಟರಿನ ಉತ್ತರ ನೋಡಿದರೆ ಅವನ ನೆನಪು ಅಳಿಸಿ ಹೋಗುತ್ತದೆ. "ನಂಗೆ ಗೊತ್ತಿತ್ತು ಸರ್" ಅಂತ ಶುರು ಮಾಡುತ್ತಾನೆ. ಸುಳ್ಳು ಹೇಳೋದಲ್ಲ ಅದು. ನಿಜವಾಗಿಯೂ ಹಾಗೆ ಅನ್ನಿಸಿಬಿಡುತ್ತದೆ.

ಆದ್ದರಿಂದ ಮೊದಲು ಕಾಗದ. ನಮ್ಮಲ್ಲಿ ಒಂದು ರೂಢಿ ಇದೆ. ಪ್ರತಿ ನಡೆಯ ಪಕ್ಕದಲ್ಲಿ ಗಡಿಯಾರದಲ್ಲಿ ಉಳಿದ ನಿಮಿಷವನ್ನು ಬರೆಯಬೇಕು. ಸ್ಕೋರ್ ಶೀಟಿನಲ್ಲಿ ಗಡಿಯಾರದ ಸಮಯ ಬರೆಯಲು ನಿಯಮದಲ್ಲಿ ಅನುಮತಿ ಇದೆ. ಡ್ರಾ ಕೇಳಿದರೆ ಇಬ್ಬರೂ ಅಲ್ಲಿ ಒಂದು "=" ಗುರುತು ಹಾಕಲೇಬೇಕು. ಈ ಎರಡು ಸಣ್ಣ ಗುರುತುಗಳಿಂದ ಅರ್ಧ ತಪಾಸಣೆ ಮುಗಿಯುತ್ತದೆ.

ಅವತ್ತಿನ ಆಟಕ್ಕೆ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್ ಜಾಸ್ತಿ ಸೇರುವ ಲೆಕ್ಕ. ಶೀಟಿನ ಕೊನೆಯ ಸಾಲಿನಲ್ಲಿ 23ನೇ ನಡೆ, "=" ಗುರುತು, ಪಕ್ಕದಲ್ಲಿ 92 ಅಂತ ಬರೆದಿದ್ದ. ಆ 92 ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. 23 ನಡೆಗೆ ಹನ್ನೊಂದೂವರೆ ನಿಮಿಷ ಸೇರಿದೆ. ಅಂದರೆ ಇಡೀ ಆಟಕ್ಕೆ ಅವನು ಖರ್ಚು ಮಾಡಿದ್ದು ಒಂಬತ್ತೂವರೆ ನಿಮಿಷ. ಕೂತಾಗ ಇದ್ದದ್ದಕ್ಕಿಂತ ಎದ್ದಾಗ ಗಡಿಯಾರದಲ್ಲಿ ಜಾಸ್ತಿ ಸಮಯ ಇತ್ತು.

ಶೀಟಿನಲ್ಲಿ ಇನ್ನೂ ಮೇಲೆ ಹೋದರೆ 12ನೇ ನಡೆಯ ಪಕ್ಕ 95. 13ರ ಪಕ್ಕ 92. 14ರ ಪಕ್ಕವೂ 92. ಅಂದರೆ 13ನೇ ನಡೆಗೆ ಅವನು ಮೂರೂವರೆ ನಿಮಿಷ ಯೋಚಿಸಿದ್ದಾನೆ. 14ನೆಯದನ್ನು ಹಾಗೇ ಇಟ್ಟುಬಿಟ್ಟಿದ್ದಾನೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಆಟ

ಬೋರ್ಡ್ ಇದ್ದರೆ ಇಟ್ಟುಕೊಂಡು ಓದಿ. ಕು ಅಂದರೆ ಕುದುರೆ, ಒಂ ಒಂಟೆ, ಆ ಆನೆ, ಮಂ ಮಂತ್ರಿ, ರಾ ರಾಜ. ಗುಣಾಕಾರದ ಗುರುತು ಇದ್ದರೆ ಹೊಡೆದದ್ದು. ಬಿಳಿಯ ಕಡೆಯಿಂದ ನೋಡಿದರೆ ಉದ್ದ ಸಾಲುಗಳು ಎಡದಿಂದ ಬಲಕ್ಕೆ ಎ ಇಂದ ಎಚ್, ಅಡ್ಡ ಸಾಲುಗಳು ಕೆಳಗಿನಿಂದ ಮೇಲಕ್ಕೆ 1ರಿಂದ 8. ಕಾಯಿಯ ಹೆಸರು ಇಲ್ಲದಿದ್ದರೆ ಅದು ಪ್ಯಾದೆಯ ನಡೆ.

1. ಡಿ4 ಡಿ5 2. ಸಿ4 ಸಿ6 3. ಸಿ×ಡಿ5 ಸಿ×ಡಿ5 4. ಕು-ಸಿ3 ಕು-ಎಫ್6 5. ಕು-ಎಫ್3 ಕು-ಸಿ6 6. ಒಂ-ಎಫ್4 ಒಂ-ಎಫ್5 7. ಇ3 ಇ6 8. ಒಂ-ಡಿ3 ಒಂ×ಡಿ3 9. ಮಂ×ಡಿ3 ಒಂ-ಡಿ6 10. ಒಂ×ಡಿ6 ಮಂ×ಡಿ6. ಹನ್ನೊಂದಕ್ಕೆ ಇಬ್ಬರೂ ರಾಜನ ಪಕ್ಕಕ್ಕೆ, ಅಂದರೆ ಎಚ್ ಸಾಲಿನ ಕಡೆಗೆ ಕ್ಯಾಸ್ಲಿಂಗ್ ಮಾಡಿದರು. ಹನ್ನೆರಡಕ್ಕೆ ಬಿಳಿಯ ಎ1 ಆನೆ ಸಿ1ಕ್ಕೆ, ಕಪ್ಪಿನ ಎ8 ಆನೆ ಸಿ8ಕ್ಕೆ. 13. ಎ3 ಆ-ಸಿ7 14. ಆ-ಸಿ2 ಎ6. ಹದಿನೈದಕ್ಕೆ ಎಫ್1 ಆನೆ ಸಿ1ಕ್ಕೆ, ಎಫ್8 ಆನೆ ಸಿ8ಕ್ಕೆ. 16. ಎಚ್3 ಎಚ್6 17. ಕು-ಇ2 ಕು-ಇ7 18. ಆ×ಸಿ7 ಆ×ಸಿ7 19. ಆ×ಸಿ7 ಮಂ×ಸಿ7 20. ಮಂ-ಸಿ3 ಮಂ×ಸಿ3 21. ಕು×ಸಿ3 ಕು-ಸಿ6 22. ರಾ-ಎಫ್1 ರಾ-ಎಫ್8 23. ರಾ-ಇ2, ಡ್ರಾ.

22ನೇ ನಡೆ ಆದಾಗಿನ ಸ್ಥಿತಿಯನ್ನು ಒಮ್ಮೆ ಇಟ್ಟು ನೋಡಿ. ಇಬ್ಬರಿಗೂ ಎರಡೆರಡು ಕುದುರೆ, ಏಳೇಳು ಪ್ಯಾದೆ. ಬೋರ್ಡಿನ ನಡುವೆ ಕನ್ನಡಿ ಹಿಡಿದ ಹಾಗೆ ಇದೆ. ಒಂದು ಪ್ಯಾದೆಯೂ ಆಚೀಚೆ ಇಲ್ಲ.

ಇದಕ್ಕೆ ಸ್ಲಾವ್ ಎಕ್ಸ್‌ಚೇಂಜ್ ಅಂತ ಹೆಸರು. ಓಪನಿಂಗ್ ಪಟ್ಟಿಗಳಲ್ಲಿ ಆರನೇ ನಡೆಗೆ ಎರಡೂ ಒಂಟೆ ಹೀಗೆ ಹೊರಗೆ ಬಂದರೆ ಡಿ14 ಅಂತ ಗುರುತು. ಮೂರನೇ ನಡೆಗೇ ಪ್ಯಾದೆ ಹೊಡೆದುಕೊಂಡು ಸಿ ಸಾಲು ತೆರೆದುಬಿಡುತ್ತದೆ. ಎರಡೂ ಕಡೆ ಒಂದೇ ರೂಪ. ಡ್ರಾ ಬೇಕಾದವರು ಇದನ್ನು ಆಡುತ್ತಾರೆ ಅನ್ನೋ ಹೆಸರು ಇದಕ್ಕಿದೆ. ಅಪ್ಪನ ಕಿವಿಗೂ ಎಲ್ಲೋ ಆ ಮಾತು ಬಿದ್ದಿತ್ತು.

ಹಿಂದಿನಿಂದ ಮುಂದಕ್ಕೆ

ತಪಾಸಣೆಯನ್ನು ನಾನು ಯಾವಾಗಲೂ ಕೊನೆಯಿಂದ ಶುರು ಮಾಡುತ್ತೇನೆ. ಮೊದಲ ನಡೆಯಿಂದ ಶುರು ಮಾಡಿದರೆ ಓಪನಿಂಗಿನಲ್ಲೇ ಒಂದು ಗಂಟೆ ಕಳೆದುಹೋಗುತ್ತದೆ. ಎಲ್ಲ ತಪ್ಪೂ ಅಲ್ಲೇ ಇದ್ದ ಹಾಗೆ ಕಾಣುತ್ತದೆ.

ಕೊನೆಯ ಸ್ಥಿತಿ: ಡ್ರಾ ಕೇಳಿದ್ದು ತಪ್ಪಾ? ಆಟವಾಗಿ ನೋಡಿದರೆ ಅಲ್ಲ, ಸ್ಥಿತಿ ಸಮ. ಆದರೆ ಸಮ ಇದ್ದರೆ ಆಟ ಮುಗಿದಂತೆ ಅಲ್ಲ. ರಾಜನನ್ನು ಡಿ3ಕ್ಕೆ ತಂದು, ಬಿ4 ತಳ್ಳಿ, ಕುದುರೆಯನ್ನು ಎ4 ಮೇಲಿಂದ ಸಿ5ಕ್ಕೆ ಕೂರಿಸಿದರೆ ಅದು ಬಿ7, ಎ6, ಇ6 ಮೂರನ್ನೂ ನೋಡುತ್ತದೆ. ಎದುರಾಳಿ ಪ್ರತಿ ನಡೆಗೂ ಯೋಚಿಸಬೇಕಾಗುತ್ತದೆ. 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟ ನಮ್ಮ ಮಕ್ಕಳೆಲ್ಲ ನೋಡಿದ್ದಾರೆ. ಸ್ಕೋರು 6.5-6.5. ಇಬ್ಬರಿಗೂ ಒಂದು ಆನೆ, ಒಂದು ಒಂಟೆ. ಕಪ್ಪು ಕಾಯಿಯ ಗುಕೇಶ್‌ಗೆ ಒಂದು ಪ್ಯಾದೆ ಜಾಸ್ತಿ ಇತ್ತು. ಆದರೂ ನೋಡುವವರು ಡ್ರಾ ಅಂತಲೇ ಅಂದುಕೊಂಡಿದ್ದರು. ಗುಕೇಶ್ ಎದ್ದು ಹೋಗಲಿಲ್ಲ, ಆಡುತ್ತಲೇ ಇದ್ದರು. 55ನೇ ನಡೆಗೆ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ಇಟ್ಟರು. ಆನೆ ಹೋಯಿತು, ಹಿಂದೆಯೇ ಒಂಟೆ ಹೋಗಲೇಬೇಕಾಯಿತು. ಬರೀ ಪ್ಯಾದೆಗಳ ಆಟದಲ್ಲಿ ಗೆಲುವು ಗುಕೇಶ್‌ದಾಯಿತು. 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್.

ಇದನ್ನು ಹುಡುಗನಿಗೆ ಹೇಳಿದ್ದು ಆಸೆ ಹುಟ್ಟಿಸಲು ಅಲ್ಲ. ಅವನ ಬಳಿ 92 ನಿಮಿಷ ಇತ್ತು ಅನ್ನೋದನ್ನು ತೋರಿಸಲು. ಮೊದಲ ದೋಷ ಇದು. ಆದರೆ ಸಣ್ಣದು. ಫ್ಯೂಸ್ ಸಡಿಲ ಆದ ಹಾಗೆ.

18ರಿಂದ 21ನೇ ನಡೆ: ನಾಲ್ಕೇ ನಡೆಯಲ್ಲಿ ಎರಡು ಜೋಡಿ ಆನೆ, ಒಂದು ಜೋಡಿ ಮಂತ್ರಿ ಖಾಲಿ. ಹೊಡೆಯಲು ಶುರು ಮಾಡಿದ್ದು ಯಾರು? ನಮ್ಮವನೇ. ಯಾಕೆ ಅಂತ ಕೇಳಿದೆ.

"ನಾ ಹೊಡೀಲಿಲ್ಲಂದ್ರ ಅಂವ ಹೊಡಿತಿದ್ನಲ್ರೀ ಸರ್."

ಇದು ಮಕ್ಕಳಲ್ಲಿ ನಾನು ಅತಿ ಹೆಚ್ಚು ಕೇಳಿದ ಉತ್ತರ. ಬೋರ್ಡಿನಲ್ಲಿ ಎರಡು ಕಾಯಿ ಎದುರುಬದುರು ನಿಂತರೆ ಮನಸ್ಸಿಗೆ ತಡೆಯಲು ಆಗಲ್ಲ. ಹೊಡೆದುಬಿಟ್ಟರೆ ನೆಮ್ಮದಿ ಅನ್ನಿಸುತ್ತದೆ. ಆದರೆ ಗೆಲ್ಲಬೇಕಾದವನು ಕಾಯಿ ಕಡಿಮೆ ಮಾಡುತ್ತಾ ಹೋದರೆ ಗೆಲ್ಲಲು ಬೇಕಾದ ಸಾಮಾನೇ ಕಡಿಮೆ ಆಗುತ್ತದೆ. ಅದಕ್ಕೂ ಮುಂಚೆ 17ರಲ್ಲಿ ಕುದುರೆಯನ್ನು ಇ2ಕ್ಕೆ ಹಿಂದೆ ತಂದಿದ್ದಾನೆ, ಸಿ ಸಾಲು ಖಾಲಿ ಮಾಡಲು. ಅದೇ ಕುದುರೆ ಎ4ಕ್ಕೆ ಹೋಗಿದ್ದರೆ ಸಿ5 ಮನೆಯ ಮೇಲೆ ಕಣ್ಣು ಇರುತ್ತಿತ್ತು, ಬಿ4 ಪ್ಯಾದೆ ಬೆನ್ನಿಗೆ ಬರುತ್ತಿತ್ತು. ಗೆಲುವು ಅಂತ ಹೇಳಲ್ಲ. ಮುಂದೆ ಏನು ಮಾಡಬೇಕು ಅನ್ನೋ ಒಂದು ಯೋಜನೆಯಾದರೂ ಇರುತ್ತಿತ್ತು. ಇದು ಎರಡನೇ ದೋಷ.

14ನೇ ನಡೆ

ಇಲ್ಲಿಗೆ ಬಂದಾಗ ನಾನು ನಿಂತೆ. ಆ ಸಂಜೆ ಕಲಬುರಗಿಯ ‘ಅಪ್ಪನ ಕೆರೆ’ ಉದ್ಯಾನದಲ್ಲಿ ಕೂತಿದ್ದೆವು. ಬಿಸಿಲು ಇಳಿದು ಗಾಳಿ ಶುರುವಾಗಿತ್ತು. ಅಂಗಡಿ ಬೇಗ ಮುಚ್ಚಿ ಅವನಪ್ಪನೂ ಬಂದಿದ್ದರು, ಬೆರಳ ಸಂದಿಯಲ್ಲಿ ವಾರ್ನಿಶ್ ಕಲೆ ಹಾಗೇ ಇತ್ತು. ಮ್ಯಾಗ್ನೆಟ್ ಬೋರ್ಡನ್ನು ಕಲ್ಲು ಬೆಂಚಿನ ಮೇಲೆ ಇಟ್ಟು 13ನೇ ನಡೆಯ ಸ್ಥಿತಿ ಜೋಡಿಸಿದೆ. ಬಿಳಿಯದು ಎ3. ಕಪ್ಪಿನದು ಆನೆ ಸಿ7ಕ್ಕೆ. ಈಗ ಬಿಳಿಯ ಸರದಿ.

"ತಮ್ಮಾ, ಎ3 ಯಾಕೆ ಇಟ್ಟೆ? ಮೂರೂವರೆ ನಿಮಿಷ ತಗೊಂಡೀ ಇದಕ್ಕೆ."

ಅವನು ತಡ ಮಾಡದೆ ಹೇಳಿದ. "ನಾ ಆನಿ ಸಿ2ಕ್ಕ ಇಡಾಂವ ಇದ್ದೆರೀ. ಅವನ ಕುದುರಿ ಬಿ4ಕ್ಕ ಬಂದ್ರ ಮಂತ್ರಿಗೂ ಆನಿಗೂ ಒಮ್ಮಿಗೇ ಹೊಡಿತಿತ್ತು. ಅದಕ್ಕ ಮೊದ್ಲ ಎ3."

ನೂರಕ್ಕೆ ನೂರು ಸರಿ. ಡಿ3ಯಲ್ಲಿ ಮಂತ್ರಿ, ಸಿ2ರಲ್ಲಿ ಆನೆ ಇದ್ದಾಗ ಬಿ4ಕ್ಕೆ ಬಂದ ಕುದುರೆ ಎರಡನ್ನೂ ಹಿಡಿಯುತ್ತದೆ. ಎ3 ಪ್ಯಾದೆ ಆ ಮನೆಯನ್ನು ಕಾಯುತ್ತದೆ. ಎಷ್ಟೋ ಮಕ್ಕಳಿಗೆ ಈ ಫೋರ್ಕ್ ಕಾಣಲ್ಲ. ಅವನಿಗೆ ಕಂಡಿತ್ತು.

"ಸರಿ. ಈಗ ಬೋರ್ಡ್ ತಿರುಗಿಸು."

ಅವನು ಬೋರ್ಡನ್ನು ಅರ್ಧ ಸುತ್ತು ತಿರುಗಿಸಿದ. ಕಪ್ಪು ಕಾಯಿ ಅವನ ಕಡೆ ಬಂತು. ಒಂದು ಗಳಿಗೆ ಸುಮ್ನೆ ನೋಡಿದ. ಬೆರಳು ಸಿ7ರ ಆನೆ ಮೇಲೆ ಹೋಯಿತು. ಅಲ್ಲಿಂದ ಡಿ6ರ ಮಂತ್ರಿ ಮೇಲೆ. ಆಮೇಲೆ ಎ7ರಲ್ಲಿ ಇನ್ನೂ ಸರಿಯದೆ ನಿಂತಿದ್ದ ಪ್ಯಾದೆ ಮೇಲೆ. ಕೊನೆಗೆ ಬಿ5 ಅನ್ನೋ ಖಾಲಿ ಮನೆಯ ಮೇಲೆ ಬಂದು ನಿಂತಿತು.

"ಯಪ್ಪಾ" ಅಂದ ಮೆಲ್ಲಗೆ.

14. ಕು-ಬಿ5. ಅದೇ ಫೋರ್ಕ್. ತಾನು ಮೂರೂವರೆ ನಿಮಿಷ ಕೂತು ತನ್ನ ಕಡೆ ತಡೆದ ಹೊಡೆತವನ್ನೇ ಎದುರಾಳಿ ತೆರೆದಿಟ್ಟಿದ್ದ. ಡಿ6ರಲ್ಲಿ ಮಂತ್ರಿ, ಸಿ7ರಲ್ಲಿ ಆನೆ, ಎ6 ಪ್ಯಾದೆ ಇಲ್ಲ. ಕುದುರೆಯನ್ನು ಬಿ5ರಲ್ಲಿ ಹೊಡೆಯಲು ಕಪ್ಪಿನ ಒಂದು ಕಾಯಿಯೂ ಇಲ್ಲ. ಮಂತ್ರಿ ಎಲ್ಲಿಗೆ ಸರಿದರೂ ಕುದುರೆ ಸಿ7ರ ಆನೆ ಹೊಡೆಯುತ್ತದೆ. ಕಪ್ಪು ಆ ಕುದುರೆಯನ್ನು ವಾಪಸ್ ಹೊಡೆದರೂ ಬಿಳಿಗೆ ಒಂದು ಕುದುರೆಗೆ ಒಂದು ಆನೆ ಸಿಕ್ಕಿರುತ್ತದೆ. 200 ರೇಟಿಂಗ್ ಕೆಳಗಿರುವ ಎದುರಾಳಿ ವಿರುದ್ಧ ಅಷ್ಟು ಸಾಕು.

ಅವಕಾಶ ಇದ್ದದ್ದು ಒಂದೇ ನಡೆ. ಅವನು 14. ಆ-ಸಿ2 ಇಟ್ಟ, ಎದುರಾಳಿಗೆ ಆಗ ಅರಿವಾಯಿತು, ಎ6 ಇಟ್ಟು ಬಾಗಿಲು ಮುಚ್ಚಿದ. ಮುಂದಿನದೆಲ್ಲ ಸಮ ಆಟ.

ಅರ್ಧ ಪಾಯಿಂಟ್ ಸೋರಿದ್ದು ಇಲ್ಲಿ. ಓಪನಿಂಗಿನಲ್ಲಿ ಅಲ್ಲ, ಎಂಡ್‌ಗೇಮಿನಲ್ಲೂ ಅಲ್ಲ. ಕಾರಣ ಗಡಿಯಾರದ ಆ ಎರಡು 92ರಲ್ಲಿದೆ. 13ಕ್ಕೆ ಯೋಚಿಸಿದಾಗ ಅವನ ತಲೆಯಲ್ಲಿ ಎರಡು ನಡೆಯ ಯೋಜನೆ ಇತ್ತು: ಎ3, ಆಮೇಲೆ ಆನೆ ಸಿ2. ಮೊದಲನೆಯದು ಇಟ್ಟ ಮೇಲೆ ಎರಡನೆಯದು ತಾನಾಗಿ ಕೈಯಿಂದ ಬಂತು. ನಡುವೆ ಎದುರಾಳಿ ಒಂದು ನಡೆ ಆಡಿದ್ದಾನೆ ಅನ್ನೋದನ್ನು ಅವನು ನೋಡಲೇ ಇಲ್ಲ. ಕೇಳಿದಾಗ ಒಪ್ಪಿಕೊಂಡ. "ಅಂವ ಆನಿ ಏರ್ಸಿದ್ದು ನೋಡಿದ್ನಿರೀ. ನನ್ ಹಂಗೇ ಮಾಡ್ಲಿಕತ್ತಾನ ಅಂತ ಬಿಟ್ಟೆ."

ಎರಡೂ ಕಡೆ ಒಂದೇ ರೂಪ ಇರುವ ಓಪನಿಂಗುಗಳಲ್ಲಿ ಇದು ದೊಡ್ಡ ಅಪಾಯ, ದೊಡ್ಡ ಅವಕಾಶವೂ ಹೌದು. ಎದುರಾಳಿ ನಿಮ್ಮದನ್ನೇ ನೋಡಿಕೊಂಡು ಆಡುತ್ತಿರುತ್ತಾನೆ. ಆದರೆ ಎಲ್ಲವನ್ನೂ ನಕಲು ಮಾಡಲ್ಲ. ಆನೆ ಏರಿಸಿದ್ದನ್ನು ನಕಲು ಮಾಡುತ್ತಾನೆ, ಅದಕ್ಕೂ ಮುಂಚಿನ ಕಾವಲನ್ನು ಬಿಟ್ಟಿರುತ್ತಾನೆ. ನಾನೇ ಆಡುವಾಗ ನನ್ನ ಕಡೆ ಏನಾದರೂ ತಡೆಯಲು ಒಂದು ನಡೆ ಖರ್ಚು ಮಾಡಿದರೆ, ಮರುನಡೆಯಲ್ಲಿ ಆಚೆ ಕಡೆಯ ಅದೇ ಮನೆಯನ್ನು ಮೊದಲು ನೋಡುತ್ತೇನೆ. ಬಿ4ಕ್ಕೆ ಹೆದರಿದರೆ ಬಿ5 ನೋಡು. ಎಫ್2ಕ್ಕೆ ಹೆದರಿದರೆ ಎಫ್7 ನೋಡು.

ಅವನಪ್ಪ ಇಷ್ಟೂ ಹೊತ್ತು ಬೋರ್ಡನ್ನೇ ನೋಡುತ್ತಿದ್ದರು. ಅವರಿಗೆ ಕಾಯಿಗಳ ನಡೆ ಅಷ್ಟಾಗಿ ಗೊತ್ತಿಲ್ಲ. ಆದರೂ ತಿರುಗಿಸಿದ ಬೋರ್ಡ್ ನೋಡಿ ಹೇಳಿದರು, "ಹಂಗಾರ ವೈಂಡಿಂಗ್ ಚಲೋ ಅದ ಅನ್ರಿ."

ಆದರೂ ಓಪನಿಂಗ್ ನೋಡಬೇಕು

ಚಲೋ ಇದೆ ಅಂತ ಪೂರಾ ಬಿಡೋ ಹಾಗೂ ಇಲ್ಲ. ಎಕ್ಸ್‌ಚೇಂಜ್‌ನಲ್ಲಿ ಬಿಳಿಗೆ ಇರುವ ಒಂದೇ ಆಸ್ತಿ ಮೊದಲು ಆಡುವ ಆ ಒಂದು ನಡೆ. ಎಂಟರಿಂದ ಹತ್ತನೇ ನಡೆ ಒಳಗೆ ಎರಡು ಜೋಡಿ ಒಂಟೆ ಹೊಡೆದುಕೊಂಡರೆ ಆ ಆಸ್ತಿಯ ಬೆಲೆ ಕರಗುತ್ತಾ ಹೋಗುತ್ತದೆ. ಎರಡು ಕಡೆ ತಿದ್ದಬಹುದು.

ಎಂಟನೇ ನಡೆಗೆ ಒಂಟೆಯನ್ನು ಡಿ3ರ ಬದಲು ಬಿ5ಕ್ಕೆ ಇಡಿ. ಅದು ಸಿ6ರ ಕುದುರೆಯನ್ನು ರಾಜನ ಮುಂದೆ ಕಟ್ಟಿಹಾಕುತ್ತದೆ. ಮುಂದೆ ಕು-ಇ5 ಬಂದರೆ ಅದೇ ಕುದುರೆ ಮೇಲೆ ಇನ್ನಷ್ಟು ಭಾರ. ಕಪ್ಪು ಸಾಮಾನ್ಯವಾಗಿ ಎಫ್6ರ ಕುದುರೆಯನ್ನು ಡಿ7ಕ್ಕೆ ತಂದು ಕಾಯುತ್ತದೆ. ಬಿಳಿ ಸಿ6ರಲ್ಲಿ ಹೊಡೆದು, ಕಪ್ಪಿನ ಬಿ ಪ್ಯಾದೆಯನ್ನು ಸಿ6ಕ್ಕೆ ಎಳೆದು, ಆನೆ ಸಿ1, ಕುದುರೆ ಎ4 ಅಂತ ಆ ಪ್ಯಾದೆ ಮೇಲೆ ಕೂರಬಹುದು. ಈಗ ಎರಡೂ ಕಡೆ ಒಂದೇ ರೂಪ ಇಲ್ಲ. ಕನ್ನಡಿ ಒಡೆಯಿತು. 8. ಮಂ-ಬಿ3 ಇನ್ನೊಂದು ದಾರಿ. ಬಿ7 ಮತ್ತು ಡಿ5 ಎರಡರ ಮೇಲೂ ಕಣ್ಣು. ಅದಕ್ಕೆ ಕಪ್ಪಿನ ಉತ್ತರ ಒಂ-ಬಿ4. ಅಲ್ಲಿಂದ ಆಟ ಚುರುಕಾಗುತ್ತದೆ.

ಒಂಟೆ ಡಿ3ಕ್ಕೇ ಇಡುವ ಮನಸ್ಸಿದ್ದರೆ ಹತ್ತನೇ ನಡೆಯನ್ನು ತಿದ್ದಿ. ಕಪ್ಪಿನ ಒಂಟೆ ಡಿ6ಕ್ಕೆ ಬಂದಾಗ ಹೊಡೆಯಬೇಡಿ, ಒಂ-ಜಿ3 ಅಂತ ಒಂದು ಹೆಜ್ಜೆ ಹಿಂದೆ ಸರಿಯಿರಿ. ಕಪ್ಪು ಜಿ3ರಲ್ಲಿ ಹೊಡೆದರೆ ಎಚ್ ಪ್ಯಾದೆಯಿಂದ ವಾಪಸ್ ಹೊಡೆಯಿರಿ. ಬಿಳಿ ಇನ್ನೂ ಕ್ಯಾಸ್ಲಿಂಗ್ ಮಾಡಿಲ್ಲ. ಎಚ್1ರ ಆನೆಗೆ ಎಚ್7ರವರೆಗೆ ದಾರಿ ತೆರೆಯಿತು. ಕಪ್ಪಿನ ರಾಜ ಅದೇ ಕಡೆ ಕ್ಯಾಸ್ಲಿಂಗ್ ಮಾಡಲು ಎರಡು ಸಲ ಯೋಚಿಸುತ್ತಾನೆ. ನನಗೆ ಈ ದಾರಿ ತುಂಬಾ ಇಷ್ಟ. ಹುಡುಗರಿಗೆ ಜೋಡಿ ಪ್ಯಾದೆ ಅಂದರೆ ಅಂಜಿಕೆ. ಈ ಒಂದು ಉದಾಹರಣೆ ಅದನ್ನು ಕಳೆಯುತ್ತದೆ.

ಡ್ರಾಗೆ ಹೆಸರಾದ ಓಪನಿಂಗ್ ಕೂಡ ಆಯುಧ ಆಗಬಹುದು ಅನ್ನೋದಕ್ಕೆ 2000ದ ಲಂಡನ್ ವಿಶ್ವ ಚಾಂಪಿಯನ್‌ಶಿಪ್ ಪಂದ್ಯ ಸಾಕ್ಷಿ. ಕ್ರಾಮ್ನಿಕ್ ಕಪ್ಪಿನಲ್ಲಿ ಬರ್ಲಿನ್ ರಕ್ಷಣೆ ಹಿಡಿದರು. ಕ್ಯಾಸ್ಪರೊವ್ ಇಡೀ ಪಂದ್ಯದಲ್ಲಿ ಒಂದು ಆಟವನ್ನೂ ಗೆಲ್ಲಲಾಗಲಿಲ್ಲ. 8.5-6.5ಕ್ಕೆ ಕಿರೀಟ ಕೈ ಬದಲಾಯಿತು.

ಬೇರೆ ಬಗೆಯ ಡ್ರಾ ಇದ್ದರೆ

ಮೂರು ಸಲ ಒಂದೇ ಸ್ಥಿತಿ. ಬರ್ಲಿನ್‌ನಲ್ಲೇ ಇದರ ಸಿದ್ಧ ದಾರಿ ಒಂದಿದೆ. 1. ಇ4 ಇ5 2. ಕು-ಎಫ್3 ಕು-ಸಿ6 3. ಒಂ-ಬಿ5 ಕು-ಎಫ್6 4. ಕ್ಯಾಸ್ಲಿಂಗ್ ಕು×ಇ4 5. ಡಿ4 ಕು-ಡಿ6 6. ಡಿ×ಇ5 ಕು×ಬಿ5 7. ಎ4 ಕುದುರೆ ಬಿ5ರಿಂದ ಡಿ4ಕ್ಕೆ 8. ಕು×ಡಿ4 ಕು×ಡಿ4 9. ಮಂ×ಡಿ4 ಡಿ5 10. ಇ×ಡಿ6 ಮಂ×ಡಿ6. ಅಲ್ಲಿಂದ ಬಿಳಿ ಮಂತ್ರಿ ಇ4ರಲ್ಲಿ ಚೆಕ್, ಕಪ್ಪು ಮಂತ್ರಿ ಇ6ರಲ್ಲಿ ಅಡ್ಡ, ಮತ್ತೆ ಡಿ4, ಮತ್ತೆ ಡಿ6. ನಿಮ್ಮ ಮಗು ಹದಿನಾಲ್ಕು ನಡೆಗೆ ಹೀಗೆ ಡ್ರಾ ಮಾಡಿಕೊಂಡು ಬಂದರೆ ಅದು ಬಾಯಿಪಾಠದ ಡ್ರಾ. ಎದುರಾಳಿ ಬಲವಾಗಿದ್ದು ಬೇಕೆಂದೇ ಮಾಡಿದ್ದರೆ ದೋಷವಲ್ಲ. ಸುಮ್ನೆ ನೆನಪಿದ್ದದ್ದನ್ನು ಇಟ್ಟಿದ್ದರೆ ದೋಷ.

ಇದರ ತಿರುಗುಮುರುಗೂ ಇದೆ. ಸೋಲುವ ಆಟದಲ್ಲಿ ಮೂರು ಸಲ ಸ್ಥಿತಿ ಬಂದರೂ ಕೇಳದೆ ಬಿಟ್ಟು ಸೋತು ಬರುವ ಮಕ್ಕಳಿದ್ದಾರೆ. ಮೂರನೇ ಸಲ ಆ ಸ್ಥಿತಿ ನಿಮ್ಮ ನಡೆಯಿಂದ ಬರುವುದಾದರೆ, ನಡೆ ಆಡಬಾರದು. ಮೊದಲು ಶೀಟಿನಲ್ಲಿ ಬರೆಯಬೇಕು, ಆರ್ಬಿಟರನ್ನು, ಅಂದರೆ ತೀರ್ಪುಗಾರರನ್ನು ಕರೆಯಬೇಕು. ಕಾಯಿ ಮುಟ್ಟಿದರೆ ಆ ನಡೆಯಲ್ಲಿ ಕೇಳುವ ಹಕ್ಕು ಹೋಯಿತು. ತಪ್ಪಾಗಿ ಕೇಳಿದರೆ ಎದುರಾಳಿಗೆ ಎರಡು ನಿಮಿಷ ಜಾಸ್ತಿ ಕೊಡುತ್ತಾರೆ, ಅಷ್ಟೇ. ಐದು ಸಲ ಬಂದರೆ ಯಾರೂ ಕೇಳದಿದ್ದರೂ ಡ್ರಾ.

ಸ್ಟೇಲ್‌ಮೇಟ್. ಕಪ್ಪು ರಾಜ ಎಚ್8ರಲ್ಲಿ ಒಂಟಿ, ಬಿಳಿ ಮಂತ್ರಿ ಎಫ್7ಕ್ಕೆ ಬಂದು ಕೂತರೆ ಮುಗಿಯಿತು. ಚಿಕ್ಕ ಮಕ್ಕಳ ಅರ್ಧ ಪಾಯಿಂಟ್ ಇಲ್ಲಿ ಹೋಗೋದು ಜಾಸ್ತಿ. ದಿನಕ್ಕೆ ಹತ್ತು ಸಲ ಮಂತ್ರಿ-ರಾಜರಿಂದ ಮೇಟ್ ಮಾಡಿಸಿ.

ತಪ್ಪು ಬಣ್ಣದ ಒಂಟೆ. ಬಿಳಿಯ ಬಳಿ ಎಚ್ ಪ್ಯಾದೆ ಮತ್ತು ಬಿಳಿ ಮನೆಗಳಲ್ಲಿ ಓಡಾಡುವ ಒಂಟೆ ಮಾತ್ರ ಉಳಿದು, ಕಪ್ಪು ರಾಜ ಎಚ್8 ಮೂಲೆ ಸೇರಿದರೆ ಗೆಲ್ಲಲು ಸಾಧ್ಯವೇ ಇಲ್ಲ. ಎಚ್8 ಕಪ್ಪು ಮನೆ, ಒಂಟೆಗೆ ಅಲ್ಲಿ ಕೆಲಸವಿಲ್ಲ. ದೋಷ ಇರೋದು ಅಲ್ಲಿಗೆ ಹತ್ತು ನಡೆ ಮುಂಚೆ, ಕಾಯಿ ಹೊಡೆದುಕೊಳ್ಳುವಾಗ ಯಾವ ಒಂಟೆ ಉಳಿಸಿಕೊಂಡೆ ಅನ್ನೋದರಲ್ಲಿ.

ರಿಪೇರಿ ನಿಂತಿದೆಯಾ?

ಮೋಟರ್ ಕಟ್ಟಿದ ಮೇಲೆ ಅಂಗಡಿಯಲ್ಲೇ ಒಂದು ತಾಸು ಓಡಿಸಿ ನೋಡುತ್ತಾರೆ. ಬೋರ್ಡಿನಲ್ಲೂ ಅದು ಬೇಕು. ಹುಡುಗನಿಗೆ ಎರಡು ವಾರ ಒಂದೇ ಅಭ್ಯಾಸ ಕೊಟ್ಟೆ. ಎದುರಾಳಿ ನಡೆ ಆಡಿದ ಮೇಲೆ ಎರಡೂ ಕೈ ಮಡಿಲಲ್ಲಿ. ಆ ನಡೆಯನ್ನು ಶೀಟಿನಲ್ಲಿ ಬರೆದು, ಗಡಿಯಾರದ ನಿಮಿಷ ಬರೆದು, ಆಮೇಲೆ ಬೋರ್ಡ್ ನೋಡಬೇಕು. ಬರೆಯುವ ಆ ಐದು ಸೆಕೆಂಡಿನಲ್ಲಿ ಹಳೆಯ ಯೋಜನೆ ಸ್ವಲ್ಪ ಸಡಿಲ ಆಗುತ್ತದೆ. ಡ್ರಾ ಕೇಳುವ ಬಗ್ಗೆಯೂ ಒಂದು ಕಟ್ಟು ಹಾಕಿದೆ: 40 ನಡೆ ಒಳಗೆ ಬಾಯಿ ಬಿಡುವಂತಿಲ್ಲ. ದೊಡ್ಡ ಟೂರ್ನಮೆಂಟುಗಳಲ್ಲೂ ಇಷ್ಟು ನಡೆ ಒಳಗೆ ಒಪ್ಪಂದ ಮಾಡಿಕೊಳ್ಳಬಾರದು ಅಂತ ನಿಯಮ ಇಡುವುದುಂಟು.

ಮೂರನೇ ಭಾನುವಾರ ತರಗತಿಯಲ್ಲಿ ಅವನಿಗೆ ಕಪ್ಪು ಕಾಯಿ ಕೊಟ್ಟು, ಅದೇ ಸ್ಲಾವ್ ಎಕ್ಸ್‌ಚೇಂಜ್ ಆಡಿಸಿದೆ. ಎದುರು ಕೂತವನಿಗೆ ಏನೂ ಹೇಳಿರಲಿಲ್ಲ. 12 ನಡೆ ಹಾಗೇ ಬಂತು. ಎದುರು ಹುಡುಗ ಎ3 ಇಟ್ಟ. ನಮ್ಮವನು ಅದನ್ನು ಬರೆದ. ನಿಮಿಷ ಬರೆದ. ಕೈ ಮಡಿಲಿಗೆ ಹೋಯಿತು. ಬೋರ್ಡಿನ ಆಚೆ ಕಡೆಯ ಬಿ4 ನೋಡಿದ, ಆಮೇಲೆ ಈಚೆ ಕಡೆಯ ಬಿ5 ನೋಡಿದ. ನಂತರ ಎ7ರ ಪ್ಯಾದೆಯನ್ನು ಎತ್ತಿ ಎ6ಕ್ಕೆ ಇಟ್ಟು ಗಡಿಯಾರ ಒತ್ತಿದ.